ಮಳೆ ಎನ್ನಬಾರದ ಮನೆಯಲ್ಲೊಂದು ಮದುವೆ

ಇನ್ನು ಮುಂದೆ ಯಾವುದಕ್ಕೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ನನ್ನ ಹೆಂಡತಿ ಪ್ರತಿಜ್ಞೆ ಮಾಡಿದ ದಿನದಿಂದ ನಮ್ಮ ಮನೆಯ ಅಷ್ಟೂ ಬೇಜಾರು ನನ್ನೊಬ್ಬನ ತಲೆಗೇ ಬಂದಿದೆ. ಮೊದಲು ಹೀಗಿರಲಿಲ್ಲ. ಇಬ್ಬರೂ ಹಂಚಿಕೊಳ್ಳುತ್ತಿದ್ದೆವು. ಅನ್ನ ಸೀದರೆ ಅವಳು ಅರ್ಧ ಗೊಣಗುತ್ತಿದ್ದಳು, ನಾನು ಅರ್ಧ ಗೊಣಗುತ್ತಿದ್ದೆ, ಅಷ್ಟರಲ್ಲಿ ಊಟ ಮುಗಿಯುತ್ತಿತ್ತು. ಸಂಸಾರ ಎಂದರೆ ಅದೇ ತಾನೆ? ಈಗ ಅನ್ನ ಸೀದರೆ ಅವಳು ತಟ್ಟೆಯ ಮುಂದೆ ಕೂತು, ಕಣ್ಣು ಮುಚ್ಚಿ, ಸೀದ ಅನ್ನಕ್ಕೆ ಕೃತಜ್ಞತೆ ಸಲ್ಲಿಸುತ್ತಾಳೆ. ಪೂರ್ತಿ ಗೊಣಗಾಟ ನಾನೇ ಮುಗಿಸಬೇಕು. ಈ ವಯಸ್ಸಿನಲ್ಲಿ ನನಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು, ನೀವೇ ಹೇಳಿ.

ಇದಕ್ಕೆಲ್ಲ ಮೂಲ ಬು ಹೆರ್ಲಿನಾ ಎಂಬ ಮಹಾಮಾತೆ. (ಬು ಎಂದರೆ ಅಮ್ಮ, ಪಾಕ್ ಎಂದರೆ ಅಪ್ಪ, ಮರ್ಯಾದೆಗೆಂದು ಹೆಸರಿಗೆ ಮೊದಲು ಸೇರಿಸುತ್ತೇವೆ.) ಎರಡು ಅಂಗಡಿ ಮುಳುಗಿಸಿ, ಮುಳುಗುವುದರಲ್ಲೂ ಒಂದು ಆನಂದವಿದೆ ಎಂದು ಕಂಡುಕೊಂಡು, ಆ ಆನಂದವನ್ನು ಊರಿಗೆಲ್ಲ ಹಂಚಲು ಹೊರಟಾಕೆ. ವಾರಕ್ಕೊಂದು ಸಂಜೆ ನಮ್ಮ ಬೀದಿಯ ಸಮುದಾಯ ಭವನದಲ್ಲಿ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ, "ನಾನು ಸುಖಿ, ನಾನು ಸುಂದರಿ, ನನ್ನ ಮೊಣಕಾಲು ನೋಯುತ್ತಿಲ್ಲ" ಎಂದು ಹೇಳಿಸುತ್ತಾರೆ. ಹೇಳಿ ಮುಗಿಸಿ ಎದ್ದು ನಿಲ್ಲುವಾಗ ಅಷ್ಟೂ ಜನ ಒಟ್ಟಿಗೆ "ಅಯ್ಯೋ ಮೊಣಕಾಲೇ" ಎನ್ನುವುದನ್ನು ನಾನು ಕಿಟಕಿಯಾಚೆ ನಿಂತು ಕಿವಿಯಾರೆ ಕೇಳಿದ್ದೇನೆ.

ನಿಜ ಹೇಳಬೇಕೆಂದರೆ, ನಾವು ಜಾವಾದವರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮಲ್ಲಿ ಮನುಷ್ಯ ಬಾವಿಗೆ ಬಿದ್ದರೆ "ಸದ್ಯ, ನೀರಿತ್ತು" ಎನ್ನುತ್ತಾನೆ. ನೀರಿಲ್ಲದಿದ್ದರೆ "ಸದ್ಯ, ಬಟ್ಟೆ ನೆನೆಯಲಿಲ್ಲ" ಎನ್ನುತ್ತಾನೆ. ನನ್ನ ಚಿಕ್ಕಪ್ಪ ಮಾವಿನ ಮರದಿಂದ ಬಿದ್ದು ಕಾಲು ಮುರಿದುಕೊಂಡಾಗ ನೋಡಲು ಬಂದವರೆಲ್ಲ "ಸದ್ಯ, ಒಂದೇ ಕಾಲು" ಎಂದು ಸಮಾಧಾನ ಹೇಳಿ, ಆ ಮರದ್ದೇ ಮಾವಿನಕಾಯಿ ತಿಂದು ಹೋದರು. ಚಿಕ್ಕಪ್ಪ ಮಲಗಿದ್ದಲ್ಲಿಂದಲೇ "ಸದ್ಯ, ಕಾಯಿ ಬಲಿತಿತ್ತು" ಎಂದ. ಹುಟ್ಟುತ್ತಲೇ ಬಂದ ಇಂಥ ಗುಣವನ್ನು ಕುರ್ಚಿ ಹಾಕಿ, ಮೈಕು ಕಟ್ಟಿ ಕಲಿಸುವುದೆಂದರೆ ಮೀನಿಗೆ ಈಜು ಹೇಳಿಕೊಟ್ಟಂತೆ.

ಈ ಸದ್ಯಗಳ ಸಮುದ್ರದಲ್ಲಿ ನಾನೊಬ್ಬ ಬೇರೆ. ನಾನು ಸುರೊತೊ, ಸೋಲೊ ಊರಿನ ಪೇಟೆಯಲ್ಲಿ ಕೊಡೆ ಮಾರುವವನು. ಕೊಡೆ, ರೇನ್‌ಕೋಟು, ಬೈಕಿನ ಮೇಲೆ ಗಂಡ ಹೆಂಡತಿ ಒಟ್ಟಿಗೆ ತೂರಿಕೊಳ್ಳುವ ಪ್ಲಾಸ್ಟಿಕ್ ಗವಸು, ಎಲ್ಲ ಸಿಗುತ್ತದೆ. ನನ್ನ ಕಸುಬು ನಿಂತಿರುವುದೇ ಕೆಟ್ಟದ್ದು ಬಂದೇ ಬರುತ್ತದೆ ಎಂಬ ನಂಬಿಕೆಯ ಮೇಲೆ. ಊರಿನವರೆಲ್ಲ ಒಳ್ಳೆಯದನ್ನೇ ಯೋಚಿಸತೊಡಗಿದರೆ ನಾನು ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂರಬೇಕು. ಮನೆಯಲ್ಲಿ ಕೂತರೆ ಹೆಂಡತಿ ನನ್ನಿಂದಲೂ "ನಾನು ಸುಂದರ" ಎಂದು ಹೇಳಿಸುತ್ತಾಳೆ.

ಇಂಥ ಹೊತ್ತಿನಲ್ಲಿ ನಮ್ಮ ಒಬ್ಬಳೇ ಮಗಳು ಪಾಲುಪಿಯ ಮದುವೆ ಗಟ್ಟಿಯಾಯಿತು. ಹುಡುಗ ಗಿಲಾಂಗ್, ಬಂಗಾರದಂಥವನು. ಅವನ ಅಪ್ಪ ಪಾಕ್ ಸುಬ್ರೊತೊ, ಮಾಜಿ ಹೆಡ್‌ಮಾಸ್ಟರು. ಅಂಗಿಯಲ್ಲಾಗಲಿ ಮುಖದಲ್ಲಾಗಲಿ ಒಂದು ಸುಕ್ಕೂ ಇಲ್ಲದ ಮನುಷ್ಯ. ಹುಡುಗ ಹುಡುಗಿಯ ಹುಟ್ಟಿದ ವಾರಗಳನ್ನು ಕೂಡಿಸಿ ಕಳೆದು ಅವರ ಕಡೆಯ ಹಿರಿಯರು ದಿನ ತೆಗೆದರು. ಅದು ಬಂದು ಬಿದ್ದದ್ದು ಜನವರಿಯಲ್ಲಿ. ಜನವರಿಯಲ್ಲಿ ಸೋಲೊದಲ್ಲಿ ಬೀದಿಯ ಮೇಲೆ ಮದುವೆ ಇಟ್ಟುಕೊಳ್ಳುವುದೆಂದರೆ ಜಲಪಾತದ ಕೆಳಗೆ ಹಪ್ಪಳ ಒಣಗಿಸಿದಂತೆ. ಛತ್ರಕ್ಕೆ ಹೋಗೋಣವೆಂದರೆ ಪಾಲುಪಿ ಒಪ್ಪಲಿಲ್ಲ. "ಅಪ್ಪ, ನಾನು ಆಡಿ ಬೆಳೆದ ಬೀದೀಲೇ ಆಗ್ಬೇಕು" ಎಂದಳು. ಒಬ್ಬಳೇ ಮಗಳು, ಕೇಳಿದ್ದು ಒಂದೇ ಮಾತು. ಅವಳ ಮದುವೆ ನೀರುಪಾಲಾಗಬಾರದು, ಬೀಗರು ಮೂಗು ಮುರಿಯಬಾರದು. ನನ್ನ ಆಸೆ ಅಷ್ಟೇ ಇತ್ತು, ದೇವರಾಣೆಗೂ ಅಷ್ಟೇ.

ಶಾಮಿಯಾನದವನು ಮನೆಗೆ ಬಂದು ಎರಡು ನಮೂನೆ ಬಿಚ್ಚಿ ತೋರಿಸಿದ. ಒಂದು ದಪ್ಪ ಟಾರ್ಪಾಲು. ನೋಡಲು ಎಮ್ಮೆಯ ಬೆನ್ನಿನ ಹಾಗಿದ್ದರೂ ನಂಬಿಕಸ್ಥ. ಇನ್ನೊಂದು ಸೊಳ್ಳೆಪರದೆಯ ತಂಗಿಯಂಥ ಬಿಳಿ ಜಾಲರಿ. ನನ್ನ ಹೆಂಡತಿ ನೇರವಾಗಿ ಜಾಲರಿಗೆ ಕೈ ಹಾಕಿದಳು.

"ಇದೇ ಇರ್ಲಿ."

"ಬುನೆ, ಇದು ಜನವರಿ," ಎಂದೆ. (ಬುನೆ ಎಂದರೆ ಮಗಳ ಅಮ್ಮ. ಅವಳು ನನ್ನನ್ನು ಪಾಕ್ನೆ ಎನ್ನುತ್ತಾಳೆ, ಮಗಳ ಅಪ್ಪ. ಪಾಲುಪಿ ಹುಟ್ಟಿದ ದಿನವೇ ವಿನಾರ್ಸಿಹ್, ಸುರೊತೊ ಎಂಬ ನಮ್ಮಿಬ್ಬರ ಸ್ವಂತ ಹೆಸರುಗಳು ಮನೆಯೊಳಗೆ ತೀರಿಕೊಂಡವು.)

"ಜನವರಿ ಆದ್ರೇನಂತೆ?"

"ಮಧ್ಯಾಹ್ನ ತಿರುಗ್ತು ಅಂದ್ರೆ ಮಳೆ..."

ಅವಳು ನನ್ನ ಬಾಯಿಗೆ ಅಡ್ಡ ಕೈ ಇಟ್ಟಳು. ಶಾಮಿಯಾನದವನು ಮರ್ಯಾದೆಯಿಂದ ಆಚೆ ಮುಖ ತಿರುಗಿಸಿದ.

"ಆ ಮಾತು ಆಡ್ಬೇಡಿ ಪಾಕ್ನೆ! ಬಾಯಿಗೆ ಬಂದಿದ್ದು ಬಾಗಿಲಿಗೆ ಬರುತ್ತೆ ಅಂತ ಬು ಹೆರ್ಲಿನಾ ಹೇಳಿದಾರೆ."

"ಹಾಗಾದ್ರೆ ಇಷ್ಟು ವರ್ಷದಿಂದ ಎರಡಂತಸ್ತಿನ ಮನೆ, ಎರಡಂತಸ್ತಿನ ಮನೆ ಅಂತ ಬಾಯಿ ಬಡ್ಕೊಂಡ್ನಲ್ಲ, ಅದ್ಯಾಕೆ ಬಾಗಿಲಿಗೆ ಬರ್ಲಿಲ್ಲ?"

"ನೀವು ಅದನ್ನ ಬೈಗುಳದ ಥರ ಹೇಳಿದ್ರಿ. ಪ್ರೀತಿಯಿಂದ ಹೇಳ್ಬೇಕಿತ್ತು. ನೋಡಿ, ಟಾರ್ಪಾಲು ಕಟ್ಟಿಸೋದು ಅಂದ್ರೆ ಆ ಮೇಲಿನವರಿಗೆ ಅಕ್ಷತೆ ಇಟ್ಟು ಕರೆದ ಹಾಗೆ. ಕರೆದ ಮೇಲೆ ಅವರು ಬರದೆ ಇರ್ತಾರಾ?"

ಹೀಗೆ ಮಳೆಗೆ ನಮ್ಮ ಮನೆಯಲ್ಲಿ "ಆ ಮೇಲಿನವರು" ಎಂದು ಹೆಸರಾಯಿತು. ಗಂಡನ ಬಾಯಿ ಮುಚ್ಚಲು ನಾಚಿಕೆಯಿಲ್ಲದವರು ಮಳೆಯ ಹೆಸರು ಹೇಳಲು ನಾಚಿದರು.

ಶಾಮಿಯಾನದವನನ್ನು ನನ್ನ ಕಡೆ ಸೆಳೆಯೋಣವೆಂದು, "ನೀನೇ ಹೇಳಪ್ಪ, ಇದು ತಡೆಯುತ್ತಾ?" ಎಂದೆ. ಅವನು ಜಾಲರಿಯನ್ನು ಬೆಳಕಿಗೆ ಹಿಡಿದು, ಅದರ ಮೂಲಕ ನನ್ನ ಮುಖವನ್ನು ಪೂರ್ತಿ ನೋಡಿ, "ಸದ್ಯ, ಗಾಳಿ ಚೆನ್ನಾಗಿ ಆಡುತ್ತೆ, ಪಾಕ್" ಎಂದ.

ಅಲ್ಲಿಗೇ ಮುಗಿಯಲಿಲ್ಲ. ಹವಾಮಾನ ಹೇಳುವ ಹೊತ್ತಿಗೆ ಟೀವಿ ಬಂದ್ ಆಯಿತು. ಕಪ್ಪೆ ಕೂಗಿದರೆ ಅವಳು ಕಿಟಕಿ ಮುಚ್ಚಿದಳು. ಮದುವೆ ಮನೆಯಲ್ಲಿ ಕೊಡೆ ಕಂಡರೆ ಆ ಮೇಲಿನವರಿಗೆ ಸಲಿಗೆಯಾಗುತ್ತದೆಂದು, ಮನೆಯಲ್ಲಿದ್ದ ನನ್ನ ಸರಕನ್ನೆಲ್ಲ ಮೂಟೆ ಕಟ್ಟಿಸಿ ಪಕ್ಕದೂರಿನ ತನ್ನ ತಮ್ಮನ ಮನೆಗೆ ಸಾಗಿಸಿದಳು. ಅಂಗಡಿಗೂ ಬೀಗ ಬಿತ್ತು. ಬೀಗದ ಕೈ ಅವಳ ಸೊಂಟಕ್ಕೆ ಹೋಯಿತು. ಜನವರಿ ತಿಂಗಳ ಸೋಲೊದಲ್ಲಿ ಒಂದೂ ಕೊಡೆಯಿಲ್ಲದ ಮನೆ ಎಂದರೆ ಕೊಡೆ ಸುರೊತೊನ ಮನೆ!

ಇನ್ನು ತಡೆಯಲಾಗದು ಎನ್ನಿಸಿ ನಾನು ಕರ್ಸೊ ಅಜ್ಜನ ಬಳಿಗೆ ಹೋದೆ. ಮದುವೆ, ಮುಂಜಿ ಇದ್ದವರ ಮನೆಯ ಮೇಲಿನ ಮೋಡವನ್ನು ಪಕ್ಕದ ಬೀದಿಗೆ ದಬ್ಬುವುದು ಆ ಅಜ್ಜನ ಕುಲಕಸುಬು. (ಒಳಚಡ್ಡಿಯನ್ನು ಸೂರಿನ ಮೇಲೆ ಎಸೆದರೂ ಮಳೆ ನಿಲ್ಲುತ್ತದೆ ಎಂದು ನಮ್ಮ ಬೀದಿಯ ಹೆಂಗಸರು ಹೇಳುತ್ತಾರೆ. ಹೆಡ್‌ಮಾಸ್ಟರು ಬರುವ ಮನೆಗೆ ಅದು ತಕ್ಕ ತೋರಣವಲ್ಲವೆಂದು ಬಿಟ್ಟೆ.) ನಾನು ಹೋದಾಗ ಅಜ್ಜನ ಮನೆಯ ಸೂರು ನಾಲ್ಕಾರು ಕಡೆ ಸೋರುತ್ತಿತ್ತು. ಅಜ್ಜ ಬಕೆಟ್ಟುಗಳ ನಡುವೆ ಚಾಪೆ ಹಾಕಿಕೊಂಡು ಬೀಡಿ ಸೇದುತ್ತಿದ್ದ.

"ಅಜ್ಜಾ, ತಪ್ಪು ತಿಳ್ಕೋಬೇಡಿ. ಊರಿನ ಮಳೆ ತಡೀತೀರಿ, ನಿಮ್ಮ ಮನೇಲೇ ಹೀಗೆ?"

"ವೈದ್ಯನಿಗೆ ಕೆಮ್ಮು ಬರಲ್ವೇನಯ್ಯ?" ಎಂದು ಅಜ್ಜ ಕೆಮ್ಮಿದ. "ನೀನು ಕೊಡೆ ಮಾರೋನಲ್ವಾ? ವರ್ಷಪೂರ್ತಿ ಬಾ ಬಾ ಅಂತ ಕರ್ದು, ಈಗ ಹೋಗು ಹೋಗು ಅಂದ್ರೆ ಮೋಡಕ್ಕೆ ತಲೆ ಕೆಡಲ್ವಾ? ನಿನ್ನ ಕೇಸು ಕಷ್ಟದ್ದು. ಕಟ್ಟು ಬಿಗಿಯಾಗೇ ಹಾಕ್ಬೇಕು. ನಿಯಮ ಮೀರಿದ್ಯೋ, ನಾನು ಜವಾಬ್ದಾರನಲ್ಲ."

"ಹೇಳಿ ಅಜ್ಜಾ."

"ಶಾಮಿಯಾನ ಏರಿದಾಗಿಂದ ಇಳಿಯೋವರ್ಗೂ ಆ ಹೆಸರು ಬಾಯಲ್ಲಿ ಬರ್ಬಾರ್ದು. ಕೋಪ ಮಾಡ್ಕೋಬಾರ್ದು. ನಗ್ತಾ ಇರ್ಬೇಕು. ಮನಸ್ಸಲ್ಲಿ ಬಿಸಿಲನ್ನೇ ನೆನೀಬೇಕು."

ಮನೆಯಿಂದ ತಪ್ಪಿಸಿಕೊಂಡು ಬಂದರೆ ಮನೆಯೇ ನನಗಿಂತ ಮುಂಚೆ ಬಂದು ಚಾಪೆ ಹಾಕಿಕೊಂಡು ಕೂತಿದೆ!

"ಅಜ್ಜಾ, ನೀವೂ ಬು ಹೆರ್ಲಿನಾ ಹತ್ರ ಪಾಠಕ್ಕೆ ಹೋಗ್ತೀರಾ?"

"ಯಾರದು? ಸುಮ್ನೆ ಕೇಳು. ನೀನು ನನ್ನ ಹತ್ರ ಬಂದಿದ್ದು ಯಾರಿಗೂ ಗೊತ್ತಾಗ್ಬಾರ್ದು. ಬಾಯಿ ಬಿಟ್ರೆ ಕಟ್ಟು ಬಿಚ್ಚುತ್ತೆ. ಆಮೇಲೆ, ಸ್ನಾನ ಮಾಡ್ಬಾರ್ದು."

"ಯಾರು?"

"ಇನ್ಯಾರು, ನಾನಾ? ನೀನು. ಮನೆ ಯಜಮಾನನ ಮೈ ಒಣಗಿದ್ರೆ ಮೋಡಾನೂ ಒಣಗಿರುತ್ತೆ. ಪ್ರಾರ್ಥನೆಗೆ ಮುಂಚೆ ಕೈಕಾಲು ಮುಖ ತೊಳ್ಕೋ, ಅದು ದೇವರ ಲೆಕ್ಕ. ಮೈಗೆ ಒಂದು ತೊಟ್ಟು ಬಿದ್ರೂ ಅದು ನನ್ನ ಲೆಕ್ಕ."

ಬೆಳಿಗ್ಗೆ ಒಂದು, ಸಂಜೆ ಒಂದು ಸ್ನಾನ ಮಾಡದ ಮನುಷ್ಯನನ್ನು ನಮ್ಮ ಊರಿನಲ್ಲಿ ಮನುಷ್ಯರ ಪಂಕ್ತಿಗೇ ಸೇರಿಸುವುದಿಲ್ಲ. ದಾರಿಯಲ್ಲಿ ಎದುರಾದರೆ "ಊಟ ಆಯ್ತಾ" ಅನ್ನುವುದಕ್ಕಿಂತ ಮುಂಚೆ "ಸ್ನಾನ ಆಯ್ತಾ" ಎಂದು ಕೇಳುವ ಜನ ನಾವು. ಆದರೆ ಮಗಳ ಮದುವೆಗಾಗಿ ಅಪ್ಪಂದಿರು ಹೊಲ ಮಾರಿದ್ದಾರೆ, ನಾನು ಸ್ನಾನ ಬಿಡಲಾರೆನೆ? ಅಜ್ಜ ಕೊಟ್ಟ ಕಡ್ಡಿಪೊರಕೆಯನ್ನು ತಂದು ಅಡುಗೆಮನೆಯ ಹಿಂದೆ ತಲೆಕೆಳಗಾಗಿ ನೆಟ್ಟು, ಕಡ್ಡಿಗಳ ತುದಿಗೆ ಕೆಂಪು ಮೆಣಸಿನಕಾಯಿ, ಸಣ್ಣ ಈರುಳ್ಳಿ ಚುಚ್ಚಿದೆ.

"ಇದೇನು ಪಾಕ್ನೆ?" ಎಂದಳು ಹೆಂಡತಿ.

"ಅಲಂಕಾರ."

ಅವಳು ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದಳು. ಹಳೆಯ ಬುನೆಯಾಗಿದ್ದರೆ ಪೊರಕೆಯನ್ನು ನೆಲದಿಂದ ಕಿತ್ತು ನನ್ನ ಬೆನ್ನಿಗೆ ಅಲಂಕಾರ ಮಾಡುತ್ತಿದ್ದಳು. ಹೊಸ ಬುನೆ, "ಎಷ್ಟು ಬಣ್ಣ! ಬಣ್ಣ ಇದ್ದಲ್ಲಿ ಬದುಕಿದೆ" ಎಂದು ಹೋದಳು.

ಮದುವೆಗೆ ಇನ್ನೂ ದಿನಗಳಿರುವಾಗಲೇ ಶಾಮಿಯಾನ ಏರಿತು. ನನ್ನ ಸ್ನಾನ ಇಳಿಯಿತು.

ಸೋಲೊದ ಜನವರಿ ಬರೀ ಒದ್ದೆಯಲ್ಲ, ಬೆಚ್ಚಗಿನ ಒದ್ದೆ. ತೆಂಪೆ ಮಾಡುವವರು ಸೋಯಾಕಾಳನ್ನು ಬಾಳೆಲೆಯಲ್ಲಿ ಸುತ್ತಿ ಹುದುಗಲು ಇಡುತ್ತಾರಲ್ಲ, ಅದಕ್ಕೆ ಹೇಳಿ ಮಾಡಿಸಿದ ಹವೆ. ನಾನು ಬಾಟಿಕ್ ಅಂಗಿಯೊಳಗೆ ಹುದುಗತೊಡಗಿದೆ. ಮನೆಯ ಬೆಕ್ಕು ನನ್ನ ಮಂಚದಿಂದ ಪಾಲುಪಿಯ ಕೋಣೆಗೆ ವಾಸ ಬದಲಿಸಿತು. ನೊಣಗಳು ಮಾತ್ರ ಮೊದಲಿಗಿಂತ ಆತ್ಮೀಯವಾದವು.

ಮಜಾ ಇದ್ದದ್ದು ಇಲ್ಲಿ. ನನ್ನ ಹೆಂಡತಿಯ ಮೂಗು ಸಾಮಾನ್ಯದ್ದಲ್ಲ, ಮೂರನೇ ಮನೆಯಲ್ಲಿ ಒಗ್ಗರಣೆಗೆ ಬೆಳ್ಳುಳ್ಳಿ ಬಿದ್ದರೆ ಎಷ್ಟು ಎಸಳು ಎಂದು ಹೇಳುವ ಮೂಗು. ಆದರೆ ಪ್ರತಿಜ್ಞೆ ಇದೆಯಲ್ಲ! ಕೆಟ್ಟದ್ದನ್ನು ಆಡುವ ಹಾಗಿಲ್ಲ. "ನಾತ" ಎಂದರೆ ವ್ರತಭಂಗ.

"ಪಾಕ್ನೆ," ಎಂದಳು ಒಂದು ಬೆಳಿಗ್ಗೆ ಬಾಗಿಲಿನಲ್ಲೇ ನಿಂತು, "ನೀವು ಇತ್ತೀಚೆಗೆ... ಒಳಗೆ ಬರೋ ಮುಂಚೇನೇ ಗೊತ್ತಾಗ್ತೀರಿ."

"ಒಳ್ಳೇದಲ್ವಾ?"

"ಒಳ್ಳೇದೇ," ಎಂದಳು ಉಸಿರು ಹಿಡಿದುಕೊಂಡು. "ನಿಮ್ಮ ವ್ಯಕ್ತಿತ್ವಕ್ಕೆ ಒಂದು... ವ್ಯಾಪ್ತಿ ಬಂದಿದೆ."

"ನಿನಗೇನಾದ್ರೂ ತೊಂದ್ರೆ ಆಗ್ತಿದ್ಯಾ ಬುನೆ?"

"ಇಲ್ಲ. ನಾನು ಸುಖಿ." ಕಣ್ಣಲ್ಲಿ ನೀರು ಬಂದಿತ್ತು ಪಾಪ. "ಬಾವಿ ನೀರು ಎಷ್ಟು ತಣ್ಣಗಿದೆ ಗೊತ್ತಾ? ಸುಮ್ನೆ ಹೇಳ್ದೆ."

ಇಷ್ಟು ವರ್ಷದ ದಾಂಪತ್ಯದಲ್ಲಿ ನಾನು ಗೆದ್ದ ಮೊದಲ ಯುದ್ಧ ಇದು. ಆ ಬೆಳಿಗ್ಗೆ ನಾನು ಬೇಕೆಂದೇ ಅವಳ ಪಕ್ಕದಲ್ಲಿ ಕೂತು, ಒಲೆಯ ಮೇಲಿದ್ದ ಟೀ ಮುಗಿಯುವವರೆಗೂ ಲೋಟ ಲೋಟ ಹಾಕಿಸಿಕೊಂಡು ಕುಡಿದೆ. ಸಕಾರಾತ್ಮಕ ಚಿಂತನೆಯಿಂದ ಸಂಸಾರದಲ್ಲಿ ನೆಮ್ಮದಿ ಹೆಚ್ಚುತ್ತದೆ ಎನ್ನುತ್ತಾರಲ್ಲ, ನನಗಂತೂ ಹೆಚ್ಚಿತು.

ಪಾಲುಪಿ ಯಾವ ಪ್ರತಿಜ್ಞೆಯನ್ನೂ ಮಾಡಿರಲಿಲ್ಲ. "ಅಪ್ಪ, ಯಾವುದೋ ಇಲಿ ಸತ್ತಿದೆ, ನೋಡಿ" ಎಂದು ನನ್ನಿಂದಲೇ ಮಂಚದ ಕೆಳಗೆಲ್ಲ ಹುಡುಕಿಸಿದಳು. ನಾನು ಟಾರ್ಚು ಹಿಡಿದು ತೆವಳಿದ ಕಡೆಯಲ್ಲೆಲ್ಲ ಇಲಿ ಸತ್ತಿದ್ದು ಅವಳಿಗೆ ಆಶ್ಚರ್ಯವಾಯಿತು.

ಮದುವೆಯ ಹಿಂದಿನ ದಿನ ಮದುಮಗಳಿಗೆ ಹೂನೀರಿನ ಮಜ್ಜನ. ಏಳು ಬಾವಿಗಳ ನೀರು ಬೆರೆಸಿ, ಅದರಲ್ಲಿ ಮಲ್ಲಿಗೆ, ಗುಲಾಬಿ ತೇಲಿಬಿಟ್ಟು, ತೆಂಗಿನ ಚಿಪ್ಪಿನಿಂದ ಮೊದಲ ನೀರನ್ನು ಅಪ್ಪನೇ ಹುಯ್ಯಬೇಕು. ನನಗೋ ಮೈಗೆ ತೊಟ್ಟು ತಾಕುವಂತಿಲ್ಲ. ಹುಲಿಗೆ ಮಾಂಸ ಎಸೆಯುವವನ ಹಾಗೆ ದೂರ ನಿಂತು, ಒಂದು ಕಾಲು ಹಿಂದಿಟ್ಟು, ಚಿಪ್ಪನ್ನು ಬೀಸಿದೆ. ಅರ್ಧ ನೀರು ಮಗಳ ಕಿವಿಗೆ ಹೊಡೆಯಿತು. ಇನ್ನರ್ಧ ಶಾಸ್ತ್ರ ಮಾಡಿಸಲು ಕೂತಿದ್ದ ಮುದುಕಿಯ ಮಡಿಲಿಗೆ ಹೋಯಿತು.

"ಅಪ್ಪ, ನಾನೇನು ಬೆಂಕಿ ಬಿದ್ದಿರೋ ಮನೇನಾ?" ಎಂದಳು ಪಾಲುಪಿ ಕಿವಿ ಕೊಡವಿಕೊಳ್ಳುತ್ತ. "ಹತ್ರ ಬಂದು ಹಾಕಿ."

"ಇಲ್ಲ ಮಗಳೇ, ದೂರದಿಂದ ಹಾಕಿದ್ರೆ ಆಶೀರ್ವಾದ ಜಾಸ್ತಿ ಹರಡುತ್ತೆ."

"ಸದ್ಯ, ಬಿಸಿಲಿಗೆ ತಣ್ಣಗಾಯ್ತು" ಎಂದಿತು ಮುದುಕಿ ಮಡಿಲು ಹಿಂಡಿಕೊಂಡು. ಹೆಂಡತಿ ಮಾತ್ರ ನನ್ನನ್ನೇ ಉದ್ದಕ್ಕೆ ನೋಡಿದಳು. ತಟ್ಟನೆ ಏನೋ ಹೇಳಹೊರಟವಳು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು.

ಮದುವೆಯ ದಿನ ಬೆಳಗಾಯಿತು ನೋಡಿ, ಏನು ಬೆಳಗು! ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿಲ್ಲ. ಜಾಲರಿಯೊಳಗಿಂದ ಬಿಸಿಲು ಸೋಸಿ ಬಂದು ಪಾಲುಪಿಯ ಮುಡಿಯ ಮಲ್ಲಿಗೆಯ ಮೇಲೆ ಕೂತಿತ್ತು. ಬೀದಿಯ ತುಂಬ ಕುರ್ಚಿ, ಕುರ್ಚಿಯ ತುಂಬ ನೆಂಟರು. ನನ್ನ ಕಣ್ಣು ತುಂಬಿ ಬಂತು. ಪಕ್ಕದವರ ಕಣ್ಣೂ ತುಂಬಿ ಬಂದಿತ್ತು, ಆದರೆ ಅವರ ಕಾರಣ ಬೇರೆ.

ಮದುಮಕ್ಕಳು ಹೆತ್ತವರ ಮೊಣಕಾಲಿಗೆ ತಲೆ ಒತ್ತಿ ಆಶೀರ್ವಾದ ಪಡೆಯುವ ಶಾಸ್ತ್ರ ಬಂತು. ಪಾಲುಪಿ ನನ್ನ ಮುಂದೆ ಮಂಡಿಯೂರಿ ತಲೆ ಇಟ್ಟಳು. ಇಟ್ಟಷ್ಟೇ ಬೇಗ ತೆಗೆದಳು. ತೆಗೆದವಳು ನನ್ನ ಮುಖವನ್ನು ನೋಡಿದ ರೀತಿ, ಇಲಿ ಕೊನೆಗೂ ಸಿಕ್ಕಿದವರು ನೋಡುವ ರೀತಿ. ಆಮೇಲೆ ಗಿಲಾಂಗ್. ಒಳ್ಳೆಯ ಮನೆತನದ ಹುಡುಗ, ಶಾಸ್ತ್ರ ಎಷ್ಟು ಹೊತ್ತು ಕೇಳುತ್ತದೋ ಅಷ್ಟು ಹೊತ್ತೂ ತಲೆ ಇಟ್ಟುಕೊಂಡಿದ್ದ. ಅವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಬಿಳುಪಾಯಿತು. ಎದ್ದಾಗ ಕೆನ್ನೆಯ ಮೇಲೆ ಕಣ್ಣೀರು ಧಾರೆಧಾರೆ.

"ಎಷ್ಟು ಮೆದು ಮನಸ್ಸು ಹುಡುಗನದು!" ಎಂದು ಹೆಂಗಸರು ಲೊಚಗುಟ್ಟಿದರು.

ನನ್ನ ಪಕ್ಕ ಕೂತಿದ್ದ ಪಾಕ್ ಸುಬ್ರೊತೊ ಬೆಳಗಿನಿಂದ ಕುರ್ಚಿಯನ್ನು ಇಷ್ಟಿಷ್ಟೇ ಸರಿಸುತ್ತ ಈಗ ವೇದಿಕೆಯ ಅಂಚಿಗೆ ಬಂದಿದ್ದರು. ಇನ್ನೊಂದು ಸಲ ಸರಿದರೆ ವಾದ್ಯದವರ ತಮಟೆಯ ಮೇಲೆ ಬೀಳಬೇಕು.

"ಬೀಗರು ಯಾಕೋ ದೂರ ಆದ್ರಿ," ಎಂದೆ.

"ಇಲ್ಲ ಇಲ್ಲ. ಇಲ್ಲಿಂದ ನೀವು ಪೂರ್ತಿ ಕಾಣ್ತೀರಿ," ಎಂದರು ಕರ್ಚೀಫಿನೊಳಗಿಂದ. ಹೆಡ್‌ಮಾಸ್ಟರ ಬಾಯಿಂದಲೂ ಕೆಟ್ಟ ಮಾತಿಲ್ಲ! ಇಂಥ ಜನರ ಮಧ್ಯೆ ಎಷ್ಟು ದಿನ ಬೇಕಾದರೂ ಹುದುಗಬಹುದು ಎಂದುಕೊಂಡೆ.

ಊಟ ಶುರುವಾಯಿತು. ನಮ್ಮ ಕಡೆ ಮದುವೆಯಲ್ಲಿ ಕೂತಲ್ಲಿಗೇ ತಟ್ಟೆಗಳು ಕೈಯಿಂದ ಕೈಗೆ ಹಾರಿ ಬರುತ್ತವೆ, ಮೊದಲು ಸಿಹಿ, ಆಮೇಲೆ ಸೂಪು, ಆಮೇಲೆ ಅನ್ನ. ಸೂಪಿನ ಬಟ್ಟಲುಗಳು ಹಾರುತ್ತಿದ್ದಾಗ, ಮುಂದಿನ ಸಾಲಿನಿಂದ ಬು ಹೆರ್ಲಿನಾ ಎದ್ದು ಬಂದು ನಿರೂಪಕನ ಕೈಯಿಂದ ಮೈಕು ತೆಗೆದುಕೊಂಡರು. ಕೊಟ್ಟನೋ ಕಸಿದುಕೊಂಡರೋ ಹೇಳಲಾರೆ.

"ತಲೆ ಎತ್ತಿ ನೋಡಿ, ಬಂಧುಗಳೇ! ಜನವರಿಯಲ್ಲಿ ಇಂಥ ನೀಲಿ ಬರೀ ಅದೃಷ್ಟವಲ್ಲ. ಒಬ್ಬ ತಾಯಿಯ ಶುದ್ಧ ಯೋಚನೆ! ಬು ವಿನಾರ್ಸಿಹ್ ಒಂದು ದಿನವೂ ಅನುಮಾನ ಪಡಲಿಲ್ಲ. ಆಕಾಶಕ್ಕೆ ಬೇರೆ ದಾರಿಯೇ ಇರಲಿಲ್ಲ!"

ಚಪ್ಪಾಳೆಯೋ ಚಪ್ಪಾಳೆ. ನನ್ನ ಹೆಂಡತಿ ಎದ್ದು ಕೈಮುಗಿದಳು, ಆಕಾಶವನ್ನು ತವರಿನಿಂದ ತಂದವಳ ಹಾಗೆ. ನನಗೆ ಅಂಗಾಲಿನಿಂದ ನೆತ್ತಿಗೆ ಉರಿ ಹತ್ತಿತು. ಕೆರೆದುಕೊಳ್ಳದ ಜಾಗ ಉಳಿಯದಂತೆ ಮೈ ಕೆರೆದುಕೊಂಡವನು ನಾನು! ಬೆಕ್ಕಿನ ಪ್ರೀತಿ ಕಳೆದುಕೊಂಡವನು ನಾನು! ಯಾರೋ ಉತ್ತು ಬಿತ್ತಿ, ಇನ್ಯಾರೋ ಕಣ್ಣು ಮುಚ್ಚಿ ಕೂತು ಸುಗ್ಗಿ ಮಾಡುವುದೆ? ಕಾಲು ತಾನಾಗಿ ಎದ್ದಿತು, ಕೈ ತಾನಾಗಿ ಮೈಕಿಗೆ ಹೋಯಿತು. ಬು ಹೆರ್ಲಿನಾ ಜಗಳವಾಡದೆ ಬಿಟ್ಟುಕೊಟ್ಟರು. ನಾನು ಅಷ್ಟು ಹತ್ತಿರ ಬಂದಿದ್ದೆ.

"ಸುಳ್ಳು!" ಎಂದು ಗುಡುಗಿದೆ. ಬೀದಿಯ ಆ ತುದಿಯ ಸ್ಪೀಕರಿನಲ್ಲೂ ಗುಡುಗಿತು. "ಇವಳ ಯೋಚನೆಯಿಂದಲ್ಲ! ಕರ್ಸೊ ಅಜ್ಜನ ಹತ್ರ ಕಟ್ಟು ಹಾಕ್ಸಿದ್ದು ನಾನು! ಶಾಮಿಯಾನ ಏರಿದಾಗಿಂದ ಮೈಗೆ ನೀರು ಮುಟ್ಟಿಸ್ದೆ ಕೂತಿರೋನು ನಾನು! ಮಳೆ ಬರ್ದೆ ಇರೋದು ನನ್ನಿಂದ! ಕೇಳಿಸ್ತಾ? ಮಳೆ! ಮಳೆ! ಮಳೆ!"

ನನ್ನ ಮೂಗಿನ ತುದಿಗೆ ಏನೋ ತಣ್ಣಗೆ ತಾಗಿತು.

ಅದು ಎಲ್ಲಿಂದ ಬಂತು, ಯಾವ ಓಣಿಯಲ್ಲಿ ಅಡಗಿ ಕೂತಿತ್ತು, ನಾನರಿಯೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ ಹೋಗಿ ಮಸಿ ಬಂತು, ಮಸಿಯಿಂದ ಮಳೆ ಸುರಿಯಿತು. ಸೊಳ್ಳೆಪರದೆಯ ತಂಗಿ ತನ್ನ ಕೈಲಾದದ್ದನ್ನು ಮಾಡಿದಳು: ದಪ್ಪ ಹನಿಗಳನ್ನು ಸಣ್ಣ ಹನಿ ಮಾಡಿ ಎಲ್ಲರಿಗೂ ಸಮನಾಗಿ ಹಂಚಿದಳು. ಜನ ಬಟ್ಟಲು ಹಿಡಿದುಕೊಂಡೇ ಎದ್ದು ಜಗುಲಿಗಳಿಗೆ ಓಡಿದರು, ಕುರ್ಚಿಗಳು ಬಿದ್ದವು. "ಕೊಡೆ, ಕೊಡೆ! ಕೊಡೆ ಸುರೊತೊನ ಮನೇಲಿ ಒಂದಾದ್ರೂ ಕೊಡೆ ತನ್ನಿ!" ಎಂದು ಯಾರೋ ಕೂಗಿದರು. ಅವು ಪಕ್ಕದೂರಿನಲ್ಲಿ ಬೆಚ್ಚಗೆ ಮಲಗಿದ್ದವು.

ಅಡುಗೆಯವರ ಗುಡಾರದಿಂದ ಕರ್ಸೊ ಅಜ್ಜ ಕೋಳಿಯ ಕಾಲು ಹಿಡಿದುಕೊಂಡೇ ಹೊರಬಂದ. "ಕೋಪ, ಗುಟ್ಟು, ಹೆಸರು. ಅಷ್ಟೂ ಕಟ್ಟನ್ನ ಒಂದೇ ಉಸಿರಿಗೆ ಬಿಚ್ಚಿದ್ಯಲ್ಲಯ್ಯ!" ಎಂದು ನನಗೆ ಬೆರಳು ತೋರಿಸಿದ. "ನನ್ನ ಆಯುಷ್ಯದಲ್ಲಿ ಇಂಥ ಗಿರಾಕಿ ನೋಡಿಲ್ಲ."

ಬು ಹೆರ್ಲಿನಾ ಜಗುಲಿಯೊಂದನ್ನು ಹತ್ತಿ, "ನೋಡಿದಿರಾ? ಒಂದೇ ಒಂದು ಕೆಟ್ಟ ಯೋಚನೆ!" ಎಂದರು. ಅದೇ ಬೆರಳು, ಅದೇ ದಿಕ್ಕು.

ನಾನು ಮಗಳ ಕಡೆ ನೋಡಿದೆ. ನಾನು ಯಾವುದು ಆಗಬಾರದೆಂದು ಇಷ್ಟೆಲ್ಲ ಮಾಡಿದೆನೋ ಅದನ್ನು ನಾನೇ ಬಾಯಾರೆ ಕರೆದಿದ್ದೆ. ಮದುಮಗಳ ಶಾಸ್ತ್ರಕ್ಕೆಂದು ಪಾಲುಪಿಯ ಹಣೆಗೆ ಬಳಿದಿದ್ದ ಕಪ್ಪು ಬಣ್ಣ ಮೂಗಿನವರೆಗೆ ಇಳಿದಿತ್ತು. ಗಿಲಾಂಗ್ ಅದನ್ನು ಒರೆಸಲು ಹೋಗಿ ಅವಳಿಗೆ ಮೀಸೆ ಬರೆದ. ಅವಳು ಅವನ ಮುಖ ನೋಡಿದಳು, ಅವನು ಅವಳ ಮೀಸೆ ನೋಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು!

ಅಷ್ಟೇ ಸಾಕಾಯಿತು ನಮ್ಮ ಜನಕ್ಕೆ. ಬೀದಿಯ ಎರಡೂ ಕಡೆಯ ಜಗುಲಿಗಳಿಂದ ಸದ್ಯಗಳ ಸುರಿಮಳೆ.

"ಸದ್ಯ, ಸೂಪು ಬಿಸಿ ಇತ್ತು, ಈಗ ಹದ ಆಯ್ತು."

"ಎಷ್ಟು ಕುಡಿದ್ರೂ ಬಟ್ಟಲು ಖಾಲಿ ಆಗ್ತಿಲ್ಲ. ಉದಾರ ಮನೆ!"

"ಮದುವೇಲಿ ಮಳೆ ಬಂದ್ರೆ ಮಕ್ಕಳು ಜಾಸ್ತಿ. ಬು ವಿನಾರ್ಸಿಹ್ ಇದನ್ನೇ ಬೇಡ್ಕೊಂಡಿದ್ರೇನೋ!"

"ಬೇಡ್ಕೊಂಡಿದ್ದೆ," ಎಂದಳು ನನ್ನ ಹೆಂಡತಿ ನಾಚಿಕೆಯಿಲ್ಲದೆ. "ಆಶೀರ್ವಾದ ಬರ್ಲಿ ಅಂತಷ್ಟೇ. ಯಾವ ರೂಪದಲ್ಲಿ ಅಂತ ನಾನು ಹೇಳಿರ್ಲಿಲ್ಲ."

ನ್ಯಾಯ ನೋಡಿ! ಮಳೆ ಅನಾಹುತವಾಗಿದ್ದ ಅರೆಗಳಿಗೆ ಅದು ನನ್ನದು. ಆಶೀರ್ವಾದವಾದ ತಕ್ಷಣ ಅವಳದು. ಈ ಪಂಥದವರನ್ನು ಸೋಲಿಸುವ ಹವಾಮಾನವನ್ನು ದೇವರು ಇನ್ನೂ ಸೃಷ್ಟಿಸಿಲ್ಲ.

ಕೊಚ್ಚೆಯಲ್ಲಿ ಒಬ್ಬನೇ ನಿಂತು ಸಾಕಾಗಿ, ಬೀಗರಿದ್ದ ನಮ್ಮ ಜಗುಲಿಯ ಕಡೆಗೆ ಕಾಲು ಎತ್ತಿಟ್ಟೆ. ಅಲ್ಲಿದ್ದ ಅಷ್ಟೂ ಜನ ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ಹೆಂಡತಿ ಮೆಟ್ಟಿಲಿಗೆ ಅಡ್ಡ ಬಂದು ಎರಡೂ ಕೈ ಚಾಚಿ ನಿಂತಳು. ಎಷ್ಟೋ ಕಾಲ ಕಟ್ಟಿದ್ದ ಕಟ್ಟೆ ಅಲ್ಲೂ ಒಡೆಯಿತು.

"ಅಲ್ಲೇ ನಿಲ್ಲಿ! ನಾರ್ತಾ ಇದೀರಿ, ಮನುಷ್ಯಾ! ಹಂದಿ ಗೂಡು ವಾಸಿ, ಮೀನು ಪೇಟೆ ವಾಸಿ! ಇಷ್ಟು ದಿನ ತಡ್ಕೊಂಡೆ, ಇನ್ನು ನನ್ ಕೈಲಾಗಲ್ಲ! ಆ ಕೊಳೇನೆಲ್ಲ ತೊಳ್ಕೊಂಡು ಒಳಗೆ ಬನ್ನಿ!"

ಬು ಹೆರ್ಲಿನಾ ಕಿವಿ ಮುಚ್ಚಿಕೊಂಡರು. ಆದರೆ ಪಾಕ್ ಸುಬ್ರೊತೊ ಬೆಳಗಿನಿಂದ ಹಿಡಿದಿದ್ದ ಕರ್ಚೀಫನ್ನು ಮೂಗಿನಿಂದ ಇಳಿಸಿ, ಎದೆ ತುಂಬ ಉಸಿರೆಳೆದುಕೊಂಡು, "ಸದ್ಯ" ಎಂದರು. ಅಷ್ಟು ಹೃದಯದಾಳದಿಂದ ಬಂದ ಸದ್ಯವನ್ನು ನಾನು ಜಾವಾದಲ್ಲೇ ಕೇಳಿಲ್ಲ. "ಮಳೆ ಬಂತು! ಬೀಗರೇ, ನಮ್ಮ ಕಡೆಯಿಂದ ಯಾವ ಅವಸರವೂ ಇಲ್ಲ. ನಿಧಾನವಾಗಿ ಆಗ್ಲಿ."

"ಅಪ್ಪ, ತೋಳು ಮೇಲೆತ್ತಿ," ಎಂದಳು ಮೀಸೆಯ ಮದುಮಗಳು.

ಎರಡು ಸಾಲು ಜಗುಲಿ, ನೂರಾರು ನೆಂಟರು, ಎಲ್ಲರ ಕಣ್ಣೂ ನನ್ನ ಮೇಲೆ. ಬೀಗರ ಕಡೆಯ ಒಬ್ಬ ಅಜ್ಜಿ ಸೊಂಟದ ಚೀಲದಿಂದ ಶಾಂಪೂ ಪ್ಯಾಕೆಟ್ಟು ತೆಗೆದು, ಹಲ್ಲಿನಿಂದ ಹರಿದು, ಗುರಿ ಇಟ್ಟು ಎಸೆದಳು. ನಾನು ತೋಳು ಎತ್ತಿದೆ.

"ಬೆನ್ನು, ಪಾಕ್ನೆ! ಬೆನ್ನು ಹಾಗೇ ಉಳೀತು!" ಎಂದು ಹೆಂಡತಿ ಮೆಟ್ಟಿಲ ಮೇಲಿಂದ ಕೂಗಿದಳು.

ತಿರುಗಿ ನಿಂತೆ.